ಗಾಲಿಗೊಂದು ವರೂಥ

ಅಥಣಿ ಸೀಮೆಯ ನಮ್ಮ ಅನಂತಪುರದ ದಾರಿಯ ಬದಿಗೆ ಸಂತೆಯ ದಿವಸ ಒಂದು ತಾಸು ನಿಂತು ನೋಡಿದವರಿಗೆ, ಈ ಕಾಲದ ಸಂಸಾರವು ಯಾವ ವಾಹನವನ್ನು ಏರಿರುವದೆಂಬುದು ತಾನಾಗಿಯೇ ತಿಳಿಯುವದು. ಹಿಂದೆ ಕೊಲ್ಲಾರಿ ಬಂಡಿಯಲ್ಲಿ ಹೋಗುತ್ತಿದ್ದ ಮನೆತನವು ಇಂದು ಮೋಟಾರು ಸೈಕಲ್ಲಿನ ಮೇಲೆ ಹೋಗುತ್ತಿರುವದು. ಮುಂದೆ ಗಂಡಸು ಗಾಡಿ ನಡೆಸುವನು. ಹಿಂದೆ ಹೆಂಗಸು ಎರಡೂ ಕಾಲುಗಳನ್ನು ಎಡಬದಿಗೆ ಇಳಿಬಿಟ್ಟು ಕುಳಿತಿರುವಳು. ಅವಳ ಮಡಿಲಲ್ಲಿ ಕಾಯಿಪಲ್ಲೆಯ ಚೀಲವಿರುವದು. ಕಬ್ಬಿನ ಟ್ರ್ಯಾಕ್ಟರು ಎದುರಿನಿಂದ ಬಂದು ಹಾಯ್ದು ಹೋಗುವಾಗ ಗಾಳಿಯೂ ಧೂಳೂ ಒಮ್ಮೆಲೆ ಏಳುವವು. ಒಂದು ಕೈಯಿಂದ ಚೀಲವನ್ನೂ ಇನ್ನೊಂದರಿಂದ ಗಾಡಿಯ ಹಿಡಿಕೆಯನ್ನೂ ಹಿಡಿದ ಆ ತಾಯಿಗೆ ಸೆರಗನ್ನು ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಸೆರಗು ಹಾರುವದು. ಅದು ಇಳಿದು ಬೀಳುವ ಸ್ಥಳಕ್ಕೂ ತಿರುಗುತ್ತಿರುವ ಗಾಲಿಗೂ ನಡುವೆ ಗೇಣಿನಷ್ಟು ಸಹ ಅಂತರವಿರುವದಿಲ್ಲ.

ಈ ಗೇಣಿನ ಅಂತರದಲ್ಲಿ ನಿಲ್ಲಬೇಕಾದ ಒಂದು ಸಣ್ಣ ಸಾಧನದ ಕುರಿತು ಇಂದು ನಾಲ್ಕು ಮಾತುಗಳನ್ನು ಬರೆಯಬೇಕೆಂದಿರುವೆವು. ಜನರು ಅದನ್ನು ಸಾರಿ ಗಾರ್ಡ್ ಎಂದು ಕರೆಯುವರು. ಹೆಸರು ಹೊಸದಾದರೂ ಕಲ್ಪನೆಯು ಹೊಸದಲ್ಲ. ಅಮರಕೋಶದಲ್ಲಿ ರಥದ ಅಂಗಗಳನ್ನು ಹೇಳುವಲ್ಲಿ ನೇಮಿ, ನಾಭಿ ಮೊದಲಾದ ಗಾಲಿಯ ಭಾಗಗಳ ಜೊತೆಗೆ 'ರಥಗುಪ್ತಿ' ಮತ್ತು 'ವರೂಥ' ಎಂಬ ಎರಡು ಶಬ್ದಗಳು ಬರುವವು. ರಥಕ್ಕೆ ರಕ್ಷಣೆಯಾಗಿ ಕಟ್ಟುವ ಆವರಣಕ್ಕೆ ಆ ಹೆಸರು. ರಥವು ಎಷ್ಟು ವೇಗದ್ದಾದರೂ ಅದಕ್ಕೆ ವರೂಥವಿಲ್ಲದಿದ್ದರೆ ಅದು ಪೂರ್ಣವಾಗಲಿಲ್ಲವೆಂಬುದು ನಮ್ಮ ಹಿರಿಯರ ಭಾವನೆಯಾಗಿರಬೇಕು. ಇಂದಿನ ದ್ವಿಚಕ್ರಕ್ಕೂ ಆ ಮಾತು ಸಲ್ಲುವದು.

ಅಪಾಯದ ಲೆಕ್ಕ

ಶಾಲೆಯಲ್ಲಿ ಗಣಿತವನ್ನೂ ಕಲಿಸಿದ ರೂಢಿಯಿಂದ ವಾಚಕರ ಮುಂದೆ ಒಂದು ಚಿಕ್ಕ ಲೆಕ್ಕವನ್ನು ಇಡುವೆವು. ಸಾಧಾರಣ ಮೋಟಾರು ಸೈಕಲ್ಲಿನ ಹಿಂದಿನ ಗಾಲಿಯು ಟಾಯರು ಸಹಿತ ಸುಮಾರು 60 ಸೆಂಟಿಮೀಟರು ಅಡ್ಡಳತೆಯದು. ಆದುದರಿಂದ ಅದರ ಸುತ್ತಳತೆಯು ಸುಮಾರು 1.9 ಮೀಟರು. ಗಾಡಿಯು ತಾಸಿಗೆ 40 ಕಿಲೋಮೀಟರು ವೇಗದಿಂದ ಹೋಗುತ್ತಿದ್ದರೆ ಸೆಕೆಂಡಿಗೆ 11 ಮೀಟರು ಸಾಗುವದು. ಅಂದರೆ ಗಾಲಿಯು ಸೆಕೆಂಡಿಗೆ ಹೆಚ್ಚು ಕಡಿಮೆ 6 ಸುತ್ತು ತಿರುಗುವದು. ನಡುವಿನ ಗುಂಬವು 15 ಸೆಂಟಿಮೀಟರು ಅಡ್ಡಳತೆಯದೆಂದು ಹಿಡಿದರೆ, ಒಂದೊಂದು ಸುತ್ತಿಗೆ ಸುಮಾರು 47 ಸೆಂಟಿಮೀಟರು ಬಟ್ಟೆಯು ಅದಕ್ಕೆ ಸುತ್ತಿಕೊಳ್ಳುವದು. ಒಂದು ಮೀಟರು ಸೆರಗು ಒಳಗೆ ಹೋಗಲು ಅರ್ಧ ಸೆಕೆಂಡೂ ಬೇಡ. ಹಿಂದೆ ಕುಳಿತವಳು 'ಅಯ್ಯೋ' ಎನ್ನಬೇಕು, ಮುಂದಿನವನು ಅದನ್ನು ಕೇಳಬೇಕು, ಕೈಕಾಲುಗಳು ಬ್ರೇಕಿಗೆ ಹೋಗಬೇಕು. ಇಷ್ಟಕ್ಕೇ ಒಂದು ಸೆಕೆಂಡು ಕಳೆಯುವದು. ಆದಕಾರಣ 'ಎಚ್ಚರದಿಂದ ನಡೆಸುತ್ತೇನೆ' ಎಂಬ ಮಾತು ಈ ಅಪಾಯಕ್ಕೆ ಉತ್ತರವಾಗಲಾರದು. ಇಲ್ಲಿ ಎಚ್ಚರವು ಗಾಲಿಗಿಂತ ನಿಧಾನವಾಗಿ ಓಡುವದು.

ಇದಕ್ಕೆ ಇನ್ನೊಂದು ಮಾತು ಸೇರಿಸತಕ್ಕದ್ದು. ಹಳೆಯ ನೂಲಿನ ಬಟ್ಟೆಯು ಸಿಕ್ಕಿಕೊಂಡರೆ ಹರಿದಾದರೂ ಹೋದೀತು. ಈಗಿನ ಪಾಲಿಯೆಸ್ಟರ್ ಸೀರೆಯೂ ಹೆಣ್ಣುಮಕ್ಕಳ ಓಢಣಿಯೂ ಸುಲಭವಾಗಿ ಹರಿಯತಕ್ಕವುಗಳಲ್ಲ. ಬಟ್ಟೆಯು ಹರಿಯದಿದ್ದರೆ ಅದನ್ನು ಉಟ್ಟವರು ಕೆಳಗೆ ಬರುವರು. ಓಢಣಿಯನ್ನು ಕೊರಳಿಗೆ ಸುತ್ತಿಕೊಂಡಿದ್ದರೆ ಮುಂದಿನದನ್ನು ನಾವು ಬಿಡಿಸಿ ಬರೆಯುವದು ಬೇಡ. ಅಮೇರಿಕೆಯ ಹೆಸರಾಂತ ನರ್ತಕಿ ಇಸಡೋರಾ ಡಂಕನ್ನಳು 1927ನೆಯ ಇಸವಿ ಸಪ್ಟೆಂಬರ 14ರಂದು ಫ್ರಾನ್ಸ್ ದೇಶದ ನೀಸ್ ಪಟ್ಟಣದಲ್ಲಿ ತೆರೆದ ಮೋಟಾರಿನಲ್ಲಿ ಹೊರಟಾಗ, ಅವಳ ಉದ್ದವಾದ ಕೊರಳ ವಸ್ತ್ರವು ಗಾಲಿಗೆ ಸುತ್ತಿಕೊಂಡು ಅವಳು ಅಲ್ಲಿಯೇ ಮೃತಳಾದಳು. ಹಾರುವ ಬಟ್ಟೆಯೂ ತೆರೆದ ಗಾಲಿಯೂ ಕೂಡಿದಲ್ಲೆಲ್ಲ ಈ ಭಯವು ಇದ್ದೇ ಇರುವದು.

ಯುರೋಪದ ಜನರು ಇದನ್ನು ಸೈಕಲ್ಲಿನ ಕಾಲಕ್ಕೇ ಅರಿತುಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಂಗಸರಿಗಾಗಿ ಸೈಕಲ್ಲುಗಳು ಬಂದಾಗ, ಉದ್ದ ಲಂಗದ ಅಂಚು ಅರಗಳೊಳಗೆ ಹೋಗಬಾರದೆಂದು ಹಿಂದಿನ ಮಡ್‌ಗಾರ್ಡಿನಿಂದ ಗಾಲಿಯ ನಡುವಿನ ವರೆಗೆ ದಾರದ ಜಾಲರಿಯನ್ನು ಹೆಣೆಯುತ್ತಿದ್ದರು. ಹಾಲೆಂಡಿನ ಸೈಕಲ್ಲುಗಳಿಗೆ ಇಂಥ ಹೊದಿಕೆಯು ಇಂದಿಗೂ ಇರುವದು. ನಮ್ಮ ಮೈಸೂರಿನ ಕಾರಖಾನೆಯಲ್ಲಿ 1961ರಿಂದ 1996ರ ವರೆಗೆ ಜಾವಾ ಮತ್ತು ಯೆಜ್ದಿ ಗಾಡಿಗಳು ತಯಾರಾದವು. ಹಳೆಯ ಜಾವಾ ಗಾಡಿಯನ್ನು ನೋಡಿದವರಿಗೆ ಅದರ ಸರಪಳಿಯು ಪೂರ್ಣ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ತಿರುಗುತ್ತಿದ್ದುದು ನೆನಪಿರಬಹುದು.

ಕಾಯಿದೆಯ ಮಾತು

ಈ ಸಾಧನವು ಇಚ್ಛೆಯಿದ್ದವರು ಹಾಕಿಸಿಕೊಳ್ಳುವ ಅಲಂಕಾರವೆಂದು ಹಲವರು ತಿಳಿದಿರುವರು. ಹಾಗಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಇದನ್ನೇ ಹೇಳುವದು. ಹಿಂದೆ ಒಬ್ಬರನ್ನು ಕೂಡಿಸಲು ಅನುಕೂಲವಿರುವ ಮೋಟಾರು ಸೈಕಲ್ಲಿಗೆ ಮೂರು ವಸ್ತುಗಳು ಇರಲೇಬೇಕು: ಕೈಯಿಂದ ಹಿಡಿದುಕೊಳ್ಳಲು ಕಾಯಮಿನ ಹಿಡಿಕೆ, ಕಾಲಿಡಲು ಆಸರೆ, ಮತ್ತು ಕುಳಿತವರ ಬಟ್ಟೆಯು ಗಾಲಿಗೆ ಸಿಗದಂತೆ ಹಿಂದಿನ ಗಾಲಿಯ ಅರ್ಧಕ್ಕಿಂತ ಕಡಿಮೆಯಿಲ್ಲದ ಭಾಗವನ್ನು ಮರೆಮಾಡುವ ರಕ್ಷಣೆ. ತಯಾರಕರು ಇವುಗಳಿಲ್ಲದೆ ಗಾಡಿಯನ್ನು ತಯಾರಿಸಕೂಡದು. ಹೀಗಿದ್ದೂ ದಾರಿಯ ಮೇಲೆ ಓಡಾಡುವ ಎಷ್ಟೋ ಗಾಡಿಗಳಿಗೆ ಅದು ಇರುವದಿಲ್ಲ. ಕೆಲವರು ಚಂದ ಕಾಣುವದಿಲ್ಲವೆಂದು ಕಿತ್ತು ಅಟ್ಟದ ಮೇಲೆ ಎಸೆಯುವರು. ಕೆಲವರು ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರಲು ಅಡ್ಡಿಯಾಗುವದೆಂದು ತೆಗೆಯುವರು. ಹಳೆಯ ಗಾಡಿಯನ್ನು ಕೊಳ್ಳುವವರಿಗೆ ಅದು ಮೊದಲಿದ್ದಿತೆಂಬುದೇ ಗೊತ್ತಿರುವದಿಲ್ಲ.

ನಾವು ಶಾಲೆಯಲ್ಲಿದ್ದಾಗ ನಮ್ಮ ತರಗತಿಯ ಒಬ್ಬ ಹುಡುಗಿ ಅರ್ಧ ವರ್ಷ ಶಾಲೆಗೆ ಬರಲಿಲ್ಲ. ಅವಳ ತಾಯಿ ಸೆರಗು ಗಾಲಿಗೆ ಸಿಕ್ಕು ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ರೊಟ್ಟಿ ಬಡಿಯುವದು, ನೀರು ತರುವದು, ತಮ್ಮಂದಿರನ್ನು ನೋಡಿಕೊಳ್ಳುವದು ಆ ಹನ್ನೆರಡು ವರ್ಷದ ಕೂಸಿನ ಪಾಲಿಗೆ ಬಂದವು. ಮರುವರ್ಷ ಅವಳು ಬಂದಳು. ಆದರೆ ಕೆಳಗಿನ ವರ್ಗದಲ್ಲಿ ಕುಳಿತಳು. ಮಾತನಾಡಿಸಲು ಹೋದವರೆಲ್ಲರೂ ಆ ತಾಯಿಗೆ, 'ಸೆರಗಿನ ಮ್ಯಾಲೆ ಲಕ್ಷ್ಯ ಇಡಬೇಕಿತ್ತವ್ವಾ' ಎಂದೇ ಹೇಳಿದರು. ಗಾಡಿಗೆ ಗಾರ್ಡು ಏಕೆ ಇರಲಿಲ್ಲವೆಂದು ಗಂಡನನ್ನು ಯಾರೂ ಕೇಳಲಿಲ್ಲ. ಬಿದ್ದವಳ ಮೇಲೆಯೇ ತಪ್ಪನ್ನು ಹೊರಿಸುವ ಈ ರೂಢಿಯು ನ್ಯಾಯದ್ದಲ್ಲ. ಸೆರಗು ಹಾರುವದು ಗಾಳಿಯ ಸ್ವಭಾವ. ಗಾಲಿಗೆ ಮರೆಯಿಡುವದು ಗಾಡಿಯ ಒಡೆಯನ ಕರ್ತವ್ಯ.

ಆರಿಸಿಕೊಳ್ಳುವದು

ಇತ್ತೀಚೆಗೆ ನಮ್ಮಲ್ಲಿ ಕಲಿತ ಒಬ್ಬ ತರುಣನು ಹಳೆಯ ಗಾಡಿಯೊಂದನ್ನು ಕೊಂಡು ತೋರಿಸಲು ಬಂದನು. ಭಾರತ ಹುಣ್ಣಿವೆಗೆ ತಾಯಿಯನ್ನು ಚಿಂಚಲಿ ಮಾಯಕ್ಕನ ಜಾತ್ರೆಗೆ ಅದರ ಮೇಲೆಯೇ ಕರೆದೊಯ್ಯುವ ಹವಣಿಕೆ ಅವನದು. ಎಡಬದಿಯ ಗಾಲಿಯು ಬತ್ತಲೆಯಾಗಿದ್ದಿತು. ನಾವು ಅದನ್ನು ತೋರಿಸಿದಾಗ ಅವನು ನಕ್ಕು, 'ಅದನ್ನ ಹಾಕಿದ್ರ ಮುದುಕರ ಗಾಡಿ ಕಂಡಂಗ ಕಾಣಸ್ತೈತ್ರಿ ಮಾಸ್ತರ' ಎಂದನು. ತಾಯಿಯೂ ಮಗನ ಪಕ್ಷವನ್ನೇ ಹಿಡಿದು, 'ನಾ ಸೆರಗ ಸೊಂಟಕ್ಕ ಸಿಗಿಸ್ಕೊಂಡ ಕೂಡ್ರತೀನ್ರಿ, ಸುಮ್ನ ರೊಕ್ಕಾ ಯಾಕ್ರಿ?' ಎಂದಳು. ನಾವು ಅವನಿಗೆ, 'ತಮ್ಮಾ, ನಿಮ್ಮ ಅಜ್ಜ ಜಾತ್ರೆಗೆ ಬಂಡಿ ಹೂಡೂ ಮೊದಲ ಏನ ನೋಡ್ತಿದ್ದ?' ಎಂದು ಕೇಳಿದೆವು. ಅವನು ತುಸು ಹೊತ್ತು ತಡೆದು, 'ಕಡಾಣಿ ನೋಡ್ತಿದ್ದರಿ' ಎಂದನು. ಅಷ್ಟು ಸಾಕಾಯಿತು. ಮರುದಿನ ಅವನು ಅಥಣಿಯಿಂದ ಗಾರ್ಡನ್ನು ಕೊಂಡು ತಂದನು. ನಮ್ಮ ಅಂಗಳದಲ್ಲಿಯೇ ಅದನ್ನು ಕೂಡಿಸಿದೆವು. ಆ ಕೆಲಸದ ಕ್ರಮವನ್ನೇ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆಯುವೆವು.

ಗಾರ್ಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಉಕ್ಕಿನ ಸರಳುಗಳನ್ನು ಬಾಗಿಸಿ ಕೂಡಿಸಿದ್ದು ಒಂದು. ಸರಳಿನ ಚೌಕಟ್ಟಿಗೆ ಜಾಲರಿಯನ್ನಾಗಲಿ ತಗಡನ್ನಾಗಲಿ ಜೋಡಿಸಿದ್ದು ಇನ್ನೊಂದು. ಸರಳುಗಳ ನಡುವೆ ಅಂಗೈ ಹೋಗುವಷ್ಟು ಸಂದು ಇದ್ದರೆ ಬಟ್ಟೆಯೂ ಹೋಗುವದು. ಆದುದರಿಂದ ಸಂದು ಕಿರಿದಾಗಿರುವ, ಜಾಲರಿಯುಳ್ಳ ಗಾರ್ಡೇ ಉತ್ತಮ. ಗಾಡಿಯ ಹೆಸರನ್ನೂ ಮಾದರಿಯನ್ನೂ ಹೇಳಿ ಅದಕ್ಕೆಂದೇ ಮಾಡಿದ್ದನ್ನು ಕೇಳಬೇಕು. ಸಾಧಾರಣ ಗಾಡಿಗೆ ಇದು ಕೆಲವು ನೂರು ರೂಪಾಯಿಗಳೊಳಗೆ ಬರುವದು. 'ಎಲ್ಲಾ ಗಾಡಿಗೂ ಕೂಡ್ರತೈತಿ' ಎಂದು ಮಾರುವ ವಸ್ತುವು ಬಹುಶಃ ಯಾವ ಗಾಡಿಗೂ ಸರಿಯಾಗಿ ಕೂಡುವದಿಲ್ಲ.

ಕೂಡಿಸುವ ಕ್ರಮ

ಬೇಕಾಗುವ ಹತ್ಯಾರಗಳು ಹೆಚ್ಚಿಲ್ಲ. 10, 12, 13, 14 ಮತ್ತು 17 ನಂಬರಿನ ಪಾನಾಗಳು, ಒಂದು ಚಿಂದಿ ಬಟ್ಟೆ, ಸ್ವಲ್ಪ ಚಿಮಣಿ ಎಣ್ಣೆ, ಜಂಗು ತಿಕ್ಕಲು ತಂತಿಯ ಬ್ರಶ್ಶು, ಮತ್ತು ಬಿಚ್ಚಿದ ನಟ್ಟುಬೋಲ್ಟುಗಳನ್ನು ಇಡಲು ಒಂದು ತಾಟು. ತಾಟಿನಲ್ಲಿ ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಟ್ಟರೆ ಮರಳಿ ಹಾಕುವಾಗ ಗೊಂದಲವಾಗುವದಿಲ್ಲ.

ಗಾಡಿಯನ್ನು ಸಮನಾದ ನೆಲದ ಮೇಲೆ ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಕೀಲಿಯನ್ನು ತೆಗೆದು ಕಿಸೆಯಲ್ಲಿಟ್ಟುಕೊಳ್ಳಬೇಕು. ಸೈಲೆನ್ಸರು ಪೂರ್ತಿಯಾಗಿ ತಣ್ಣಗಾಗುವ ವರೆಗೆ ಕೈ ಹಚ್ಚಬಾರದು. ಮಕ್ಕಳನ್ನು ದೂರ ಕೂಡಿಸಬೇಕು. ಮೊದಲು ಗಾರ್ಡನ್ನು ಬರಿ ಕೈಯಿಂದ ಅದರ ಸ್ಥಾನದಲ್ಲಿ ಹಿಡಿದು ತೂತುಗಳು ಹೊಂದುವವೋ ಇಲ್ಲವೋ ನೋಡಬೇಕು. ಹೊಂದದಿದ್ದರೆ ಸುತ್ತಿಗೆಯಿಂದ ಬಡಿದು ಬಾಗಿಸುವದಕ್ಕಿಂತ ಅಂಗಡಿಗೆ ಮರಳಿ ಕೊಟ್ಟು ಬೇರೊಂದನ್ನು ತರುವದು ಲೇಸು.

ಇಲ್ಲಿ ಎಲ್ಲಕ್ಕೂ ಮುಖ್ಯವಾದ ಒಂದು ತತ್ತ್ವವನ್ನು ಲಕ್ಷ್ಯದಲ್ಲಿಡತಕ್ಕದ್ದು. ಗಾಡಿಯಲ್ಲಿ ಎರಡು ಭಾಗಗಳುಂಟು. ಸೀಟು, ಕಾಲಿನ ಆಸರೆ, ಶಾಕಪ್ಪಿನ ಮೇಲ್ತುದಿ ಇವು ಅಸ್ಥಿಪಂಜರದಂತಿರುವ ಚೌಕಟ್ಟಿಗೆ ಸೇರಿದವು. ಗಾಲಿಯೂ ಅದನ್ನು ಹಿಡಿದಿರುವ ಎರಡು ತೋಳುಗಳೂ ಶಾಕಪ್ಪಿನ ಕೆಳತುದಿಯೂ ದಾರಿಯ ತಗ್ಗುದಿನ್ನೆಗಳಿಗೆ ತಕ್ಕಂತೆ ಮೇಲೆ ಕೆಳಗೆ ಆಡತಕ್ಕವು. ಗಾರ್ಡಿನ ಒಂದು ತುದಿಯನ್ನು ಚೌಕಟ್ಟಿಗೂ ಇನ್ನೊಂದನ್ನು ಆಡುವ ತೋಳಿಗೂ ಬಿಗಿದರೆ, ಪ್ರತಿಯೊಂದು ತಗ್ಗಿಗೂ ಅದು ಜಗ್ಗಿ ಬಾಗಿ ಕೆಲವು ದಿವಸಗಳಲ್ಲಿ ಮುರಿಯುವದು; ಮುರಿದು ಗಾಲಿಯೊಳಗೆ ಬಿದ್ದರೆ ರಕ್ಷಕನೇ ಭಕ್ಷಕನಾಗುವನು. ಆದುದರಿಂದ ಎಲ್ಲ ತುದಿಗಳೂ ಒಟ್ಟಿಗೆ ಇರುವ ಭಾಗಕ್ಕೇ ಸೇರಬೇಕು. ಹೆಚ್ಚಿನ ಗಾಡಿಗಳಲ್ಲಿ ಮೇಲ್ತುದಿಯು ಶಾಕಪ್ಪಿನ ಮೇಲಿನ ನಟ್ಟಿಗೂ, ಕೆಳತುದಿಯು ಹಿಂದಿನವರ ಕಾಲಾಸರೆಯ ಬೋಲ್ಟಿಗೂ ಕೂಡುವದು, ಇವೆರಡೂ ಚೌಕಟ್ಟಿನವೇ.

ನಟ್ಟುಗಳಿಗೆ ಜಂಗು ಹಿಡಿದಿದ್ದರೆ ಬ್ರಶ್ಶಿನಿಂದ ತಿಕ್ಕಿ, ಒಂದೆರಡು ಹನಿ ಚಿಮಣಿ ಎಣ್ಣೆ ಬಿಟ್ಟು ಕಾಲು ತಾಸು ತಡೆಯಬೇಕು. ಎಣ್ಣೆಯು ಟಾಯರಿನ ಮೇಲಾಗಲಿ ಬ್ರೇಕಿನೊಳಗಾಗಲಿ ಹೋಗದಂತೆ ಕೆಳಗೆ ಚಿಂದಿ ಹಿಡಿಯಬೇಕು. ಶಾಕಪ್ಪಿನ ಮೇಲಿನ ನಟ್ಟನ್ನು ಎಡಬದಿಯದೊಂದನ್ನೇ ಬಿಚ್ಚಬೇಕು. ಎರಡೂ ಬದಿಯವನ್ನು ಒಮ್ಮೆಲೆ ಬಿಚ್ಚಬಾರದು. ಶಾಕಪ್ಪನ್ನು ಅದರ ಗೂಟದಿಂದ ಹೊರಗೆ ಎಳೆಯುವ ಕಾರಣವಿಲ್ಲ. ನಟ್ಟು ತೆಗೆದು, ಗಾರ್ಡಿನ ಮೇಲ್ತುದಿಯನ್ನು ಗೂಟಕ್ಕೆ ಪೋಣಿಸಿ, ಚಪ್ಪಟೆ ವಾಶರು, ಅದರ ಮೇಲೆ ಸ್ಪ್ರಿಂಗ್ ವಾಶರು, ಅನಂತರ ನಟ್ಟು ಹೀಗೆ ಹಾಕಿ ಬೆರಳಿನಿಂದಷ್ಟೇ ತಿರುಗಿಸಬೇಕು. ಬಳಿಕ ಕೆಳಗಿನ ಬೋಲ್ಟನ್ನೂ ಬೆರಳಿನಿಂದಲೇ ಹಿಡಿಸಬೇಕು. ಎಲ್ಲವೂ ತಮ್ಮ ಸ್ಥಾನದಲ್ಲಿ ಒತ್ತಾಯವಿಲ್ಲದೆ ಕುಳಿತ ಮೇಲೆಯೇ ಪಾನಾ ಹಿಡಿಯಬೇಕು. ಒಂದು ತುದಿಯನ್ನು ಮೊದಲೇ ಪೂರ್ಣ ಬಿಗಿದು ಇನ್ನೊಂದನ್ನು ಜಗ್ಗಿ ತರುವವರ ನಟ್ಟುಗಳು ಆಟೆ ತಿಂದು ಕೆಡುವವು.

ಗಾರ್ಡಿನ ಪಟ್ಟಿಯು ನಡುವೆ ಬಂದುದರಿಂದ ಹಳೆಯ ಬೋಲ್ಟು ಗಿಡ್ಡಾಗಬಹುದು. ಬಿಗಿದ ಮೇಲೆ ನಟ್ಟಿನ ಹೊರಗೆ ಎರಡು ಮೂರು ಸುತ್ತು ಆಟೆ ಕಾಣಬೇಕು. ಕಾಣದಿದ್ದರೆ ಅಷ್ಟೇ ದಪ್ಪದ, ತುಸು ಉದ್ದನ್ನ ಬೋಲ್ಟನ್ನು ತರಬೇಕು. ತಲೆಯ ಮೇಲೆ 8.8 ಎಂಬ ಅಂಕೆಯುಳ್ಳದ್ದು ಗಟ್ಟಿ ಜಾತಿಯದು. ಒಳಗೆ ನೈಲಾನಿನ ಬಳೆಯಿರುವ ನಟ್ಟು ನಡುಕಕ್ಕೆ ಸಡಿಲಾಗುವದಿಲ್ಲ. ಆದರೆ ಅದನ್ನು ಒಮ್ಮೆ ಬಿಚ್ಚಿದರೆ ಹೊಸದನ್ನು ಹಾಕುವದು ಲೇಸು. ಬಿಗಿತವು ಎಷ್ಟಿರಬೇಕೆಂಬುದು ಗಾಡಿಯ ಜೊತೆಗೆ ಬರುವ ಪುಸ್ತಕದಲ್ಲಿರುವದು. ಪಾನಾದ ತುದಿಗೆ ಪಾಯಿಪು ಸಿಕ್ಕಿಸಿ ಶಕ್ತಿ ತೋರಿಸುವದು ಬೋಲ್ಟನ್ನು ಮುರಿಯುವ ಮಾರ್ಗ.

ಪರೀಕ್ಷೆ

ಕೂಡಿಸಿದೊಡನೆ ಕೆಲಸವು ಮುಗಿಯಲಿಲ್ಲ. ಎಂಜಿನು ಬಂದಾಗಿರುವಾಗಲೇ ಗಾಲಿಯನ್ನು ಕೈಯಿಂದ ಸಾವಕಾಶವಾಗಿ ತಿರುಗಿಸಿ, ಎಲ್ಲಿಯಾದರೂ ತಗಲುವದೋ ಎಂದು ಕಿವಿಗೊಟ್ಟು ಕೇಳಬೇಕು. ಅನಂತರ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಇಬ್ಬರು ಕುಳಿತು ನೋಡಬೇಕು. ನಮ್ಮ ತರುಣನ ಗಾಡಿಯಲ್ಲಿ ಖಾಲಿಯಿದ್ದಾಗ ಎಲ್ಲವೂ ಸರಿಯಾಗಿ ಕಂಡಿತು. ತಾಯಿ ಮಗ ಇಬ್ಬರೂ ಕುಳಿತೊಡನೆ ಚೌಕಟ್ಟು ತಗ್ಗಿ ಗಾರ್ಡಿನ ಕೆಳ ಅಂಚು ಸರಪಳಿಯ ಮುಚ್ಚಳಕ್ಕೆ ತಗಲಹತ್ತಿತು. ಹೆಸರು ಒಂದೇ ಆದರೂ ಅದು ಬೇರೆ ವರ್ಷದ ಮಾದರಿಯದಾಗಿದ್ದಿತು. ಮರುದಿನ ಬದಲಿಸಿ ತಂದ ಮೇಲೆ ಸರಿಯಾಯಿತು. ಇಬ್ಬರು ಕುಳಿತಾಗಲೂ ಆಡುವ ಯಾವ ಭಾಗಕ್ಕಾಗಲಿ ಗಾರ್ಡಿಗಾಗಲಿ ನಡುವೆ ಎರಡು ಬೆರಳಿನಷ್ಟಾದರೂ ಅಂತರವಿರಬೇಕು. ಕಾಲಾಸರೆಯು ಮೊದಲಿನಂತೆ ತೆರೆದು ಮಡಚಬೇಕು; ಹಿಂದಿನ ದೀಪಗಳು ಮರೆಯಾಗಬಾರದು.

ಕೊನೆಯದಾಗಿ, ಕುಳಿತವರ ಸೆರಗನ್ನು ಸಡಿಲು ಬಿಟ್ಟು, ಅದು ಎಲ್ಲಿಯ ವರೆಗೆ ಇಳಿಯುವದು, ಹಿಂದಕ್ಕೆ ಎಷ್ಟು ದೂರ ಹೋಗುವದು ಎಂಬುದನ್ನು ಗಾಡಿ ನಿಂತಿರುವಾಗಲೇ ಕೈಯಿಂದ ಹಿಡಿದು ನೋಡಬೇಕು. ಅದು ಮುಟ್ಟುವ ಸ್ಥಳವೆಲ್ಲವೂ ಮರೆಯಾಗಿದ್ದರೆ ಗಾರ್ಡು ತನ್ನ ಕೆಲಸವನ್ನು ಮಾಡಿದಂತೆ. ಎಂಜಿನು ಚಾಲೂ ಇರುವಾಗ ಗಾಲಿಯ ಹತ್ತಿರ ಬಟ್ಟೆ ಹಿಡಿಯುವ ಸಾಹಸವನ್ನು ಎಂದಿಗೂ ಮಾಡತಕ್ಕದ್ದಲ್ಲ. ಚಾಲೂ ಇರುವ ಗಾಡಿಯ ಸರಪಳಿಯನ್ನು ಚಿಂದಿಯಿಂದ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿರುವರು.

ಕೆಲವು ನಿಷೇಧಗಳನ್ನೂ ಹೇಳಬೇಕು. ಗಾರ್ಡನ್ನು ಚೌಕಟ್ಟಿಗೆ ವೆಲ್ಡಿಂಗ ಮಾಡಿಸಬಾರದು. ಕಾವಿನಿಂದ ಕೊಳವೆಯ ಬಲವು ಕುಂದುವದು, ವಿದ್ಯುತ್ತಿನಿಂದ ಗಾಡಿಯ ಸೂಕ್ಷ್ಮ ಯಂತ್ರಗಳು ಕೆಡಬಹುದು. ತಂತಿಯಿಂದಾಗಲಿ ಪ್ಲಾಸ್ಟಿಕ್ಕಿನ ಪಟ್ಟಿಯಿಂದಾಗಲಿ ಕಟ್ಟಿ ತೃಪ್ತಿಪಡಬಾರದು. ನಮ್ಮ ಸೀಮೆಯ ಬಿಸಿಲಿಗೆ ಆ ಪಟ್ಟಿಯು ಒಣಗಿ ಸಿಡಿಯುವದು. ಬೋಲ್ಟಿನ ತೂತು ಆಟೆ ಕಳೆದುಕೊಂಡಿದ್ದರೆ ಅದು ಮನೆಯ ಕೆಲಸವಲ್ಲ. ಗ್ಯಾರೇಜಿನ ಮಿಸ್ತ್ರಿಗೆ ಒಪ್ಪಿಸಬೇಕು.

ಮೊದಲ ಸವಾರಿಯ ನಂತರ ಒಮ್ಮೆ, ಎಂಟು ದಿವಸಗಳ ಮೇಲೆ ಇನ್ನೊಮ್ಮೆ ನಟ್ಟುಗಳನ್ನು ಬಿಗಿದು ನೋಡಬೇಕು. ಮುಂದೆ ಟಾಯರಿಗೆ ಗಾಳಿ ನೋಡುವ ದಿವಸವೇ ಗಾರ್ಡನ್ನೂ ಹಿಡಿದು ಅಲುಗಿಸಿ ನೋಡುವ ರೂಢಿಯಿಟ್ಟುಕೊಂಡರೆ ಸಾಕು.

ಗಾರ್ಡು ಬಂದಿತೆಂದು ಎಚ್ಚರವನ್ನು ಬಿಡಬಾರದು. ಏರುವ ಮೊದಲೇ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸುವದು, ಓಢಣಿಯ ಎರಡೂ ತುದಿಗಳನ್ನು ಮುಂದೆ ತಂದು ಕಟ್ಟುವದು, ಬುರಖಾದ ಅಂಚನ್ನು ಮಡಿಲಿಗೆ ತೆಗೆದುಕೊಳ್ಳುವದು ಇವು ಹೆಂಗಸರಿಗೆ. ಧೋತರದ ಚುಂಗನ್ನೂ ಹೆಗಲ ಮೇಲಿನ ವಲ್ಲಿಯನ್ನೂ ಮಳೆಯಂಗಿಯ ಅಂಚನ್ನೂ ಕಾಯ್ದುಕೊಳ್ಳುವದು ಗಂಡಸರಿಗೆ. ಕಾಲು ಎರಡೂ ಬದಿಗೆ ಹಾಕಿ ಕುಳಿತುಕೊಳ್ಳುವವರ ಬಟ್ಟೆಯು ಬಲಬದಿಗೂ ಹೋಗಬಲ್ಲದು. ಅಲ್ಲಿ ಸೈಲೆನ್ಸರಿನ ಕಾವೂ ಇರುವದು. ತಲೆಗೆ ಶಿರಸ್ತ್ರಾಣವು ಮುಂದಿನವನಿಗೆ ಹೇಗೋ ಹಿಂದಿನವಳಿಗೂ ಹಾಗೆಯೇ ಬೇಕು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಇಬ್ಬರಿಗೂ ಹೇಳಿದ್ದು. ಹೊರಡುವ ಮೊದಲು 'ಕೂತಿಯೇನು? ಸೆರಗು ಸರಿ ಐತೇನು?' ಎಂದು ಕೇಳಿ, ಅವಳು ಹೂಂ ಎಂದ ಮೇಲೆಯೇ ಗಾಡಿ ಬಿಡುವದು ಸವಾರನ ಧರ್ಮ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವವರನ್ನು ನಾವು ನಗುವೆವು. ನಾಲ್ಕು ಬೋಲ್ಟುಗಳ ಕೆಲಸವನ್ನು ನಾಳೆ ನಾಡದೆಂದು ಮುಂದೂಡುವದು ಅದಕ್ಕಿಂತ ಭಿನ್ನವಾದುದಲ್ಲ. ಇದನ್ನು ಓದಿದ ಗೃಹಸ್ಥರು ಇಂದು ಸಂಜೆ ಅಂಗಳಕ್ಕೆ ಹೋಗಿ ತಮ್ಮ ಗಾಡಿಯ ಎಡಬದಿಯನ್ನು ಒಮ್ಮೆ ನೋಡಲಿ. ಗಾರ್ಡು ಇದ್ದರೆ ಅಲುಗಿಸಿ ನೋಡಲಿ. ಅಟ್ಟದ ಮೇಲಿದ್ದರೆ ಇಳಿಸಲಿ. ಇಲ್ಲದಿದ್ದರೆ ಬರುವ ಸಂತೆಗೆ ತರಲಿ. ತರುವ ವರೆಗೆ ಮನೆಯ ಹೆಣ್ಣುಮಕ್ಕಳನ್ನು ಬಸ್ಸಿನಲ್ಲಿ ಕಳಿಸಲಿ.